ಸೆರೆಮನೆಯಲ್ಲಿ ಸೇರಿದ ಪುರಸಭೆ

ಪುರಸಭೆಯ ಚುನಾವಣೆಯೆಂದರೆ ಬೀದಿದೀಪ, ಚರಂಡಿಗಳ ವಿಚಾರವೆಂದು ನಾವು ಬಗೆಯುವುದುಂಟು. ಲಂಡನ್ನಿನ ಪಾಪ್ಲರ್ ಬರೋದ ಚರಿತ್ರೆ ಬೇರೊಂದು ಮಾತನ್ನು ಹೇಳುತ್ತದೆ.

ಹಡಗುಕಟ್ಟೆಯ ಕೂಲಿಗಾರರ ಆ ಬಡ ಪ್ರದೇಶದಲ್ಲಿ ಬರೋ ಸಭೆಗೆ ಮೊದಲ ಚುನಾವಣೆ ನಡೆದುದು 1900ರಲ್ಲಿ. 1919ರಲ್ಲಿ ಲೇಬರ್ ಪಕ್ಷ 42 ಸ್ಥಾನಗಳಲ್ಲಿ 39ನ್ನು ಗೆದ್ದಿತು. ಜಾರ್ಜ್ ಲ್ಯಾನ್ಸ್‌ಬರಿ ಮೇಯರಾದರು.

ನಿರುದ್ಯೋಗಿಗಳ ಪೋಷಣೆಯ ವೆಚ್ಚವನ್ನು ಆಗ ಆಯಾ ಪ್ರದೇಶದವರೇ ಭರಿಸಬೇಕಾಗಿತ್ತು. ಬಡವರೇ ಬಡವರನ್ನು ಸಾಕಬೇಕು. ಸಿರಿವಂತರ ಬರೋಗಳಿಗೆ ಆ ಹೊರೆಯಿಲ್ಲ! ಇದನ್ನು ಪ್ರತಿಭಟಿಸಿ 1921ರಲ್ಲಿ ಪಾಪ್ಲರಿನ ಸದಸ್ಯರು ಲಂಡನ್ ಕೌಂಟಿ ಕೌನ್ಸಿಲ್ ಮೊದಲಾದ ಸಂಸ್ಥೆಗಳ ಪಾಲಿನ ತೆರಿಗೆಯನ್ನು ಎತ್ತಲು ಒಪ್ಪಲಿಲ್ಲ. ನ್ಯಾಯಾಲಯದ ಆಜ್ಞೆಗೂ ಮಣಿಯಲಿಲ್ಲ. ಐವರು ಸ್ತ್ರೀಯರೂ ಸೇರಿ 30 ಮಂದಿ ಸೆರೆಮನೆ ಸೇರಿದರು. ಸಭೆಯ ಅಧಿವೇಶನಗಳು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿಯೇ ನಡೆದುವು!

ಆರು ವಾರಗಳ ತರುವಾಯ ಅವರ ಬಿಡುಗಡೆಯಾಯಿತು. ಬಡವರ ಪರಿಹಾರದ ವೆಚ್ಚವನ್ನು ಸಿರಿವಂತ ಬರೋಗಳೂ ಹಂಚಿಕೊಳ್ಳುವಂತೆ ಅದೇ ವರ್ಷ ಕಾನೂನು ಬಂದಿತು. 1922ರ ಚುನಾವಣೆಯಲ್ಲಿ ಜನರು ಲೇಬರ್ ಪಕ್ಷಕ್ಕೇ ಮತ್ತೆ ಬಹುಮತವಿತ್ತರು.

1965ರಲ್ಲಿ ಪಾಪ್ಲರ್ ಬರೋ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಲೀನವಾಯಿತು. ಹೆಸರು ಅಳಿದರೂ ಪಾಠ ಅಳಿಯದು: ಮತ ಬೇಡುವುದು ಒಂದು ದಿನದ ಕೆಲಸ; ಅದರ ಋಣ ತೀರಿಸಲು ಸೆರೆಮನೆಯ ಬಾಗಿಲನ್ನೂ ದಾಟಬೇಕಾದೀತು.