ಶನಿವಾರದ ಸಂತೆ

ನಮ್ಮಪ್ಪ ತಿಪಟೂರಿನಲ್ಲಿ ಗ್ಯಾರೇಜು ಇಟ್ಟಿದ್ದರು. ಅಂಬಾಸಡರ್, ಮೆಟಡಾರ್, ಕೊಬ್ಬರಿ ಹೊರುವ ಲಾರಿ, ಬಂದದ್ದೆಲ್ಲ ರಿಪೇರಿ. ಟಿಂಕರಿಂಗ್ ಸುತ್ತಿಗೆಯ ಸದ್ದು ಕೇಳಿಕೊಂಡೇ ನಾನು ಪಿಯುಸಿ ಓದಿದ್ದು. 2017ರಲ್ಲಿ ಅಪ್ಪ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ, ವಿನ್‌ಸ್ಟನ್-ಸೇಲಂನ ನಮ್ಮ ಮನೆಗೆ ಬಂದಾಗ, ನಯಾಗರ ತೋರಿಸುವುದಕ್ಕೂ ಮೊದಲು ಒಂದು ಶನಿವಾರ ರಾತ್ರಿ ಕಾರು ರೇಸು ನೋಡಲು ಬೋಮನ್ ಗ್ರೇ ಸ್ಟೇಡಿಯಂಗೆ ಕರೆದುಕೊಂಡು ಹೋದೆ. ಹತ್ತು ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ಅಡ್ಡಡ್ಡ ನಿಂತವು. ಅಪ್ಪ ಕಿವಿಗೆ ತುರುಕಿಕೊಂಡಿದ್ದ ಹತ್ತಿ ತೆಗೆದು, "ಮುಂದಿನ ಶನಿವಾರಕ್ಕೆ ಇವನ್ನೆಲ್ಲ ಯಾರಮ್ಮ ರೆಡಿ ಮಾಡ್ತಾರೆ?" ಅಂದರು.

ಈ ಆಟದ ಬಗ್ಗೆ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದು ನಾನು ಕಂಡಿಲ್ಲ. ಉತ್ತರ: ಬಹುಪಾಲು ಅವರವರೇ. ಓಡಿಸುವವನು, ಅವನ ತಮ್ಮ, ಭಾವಮೈದ, ಜೊತೆಗೆ ಕೆಲಸ ಕಲಿಯಲು ಬಂದ ಪಕ್ಕದ ಮನೆ ಹುಡುಗ. ಹಗಲು ಸಂಬಳದ ಕೆಲಸ, ರಾತ್ರಿ ಮನೆ ಹಿಂದಿನ ಶೆಡ್ಡಿನಲ್ಲಿ ಕಾರಿನ ಕೆಲಸ. ಶನಿವಾರ ಎಂಟು ಗಂಟೆಗೆ ದೀಪ ಹತ್ತಿದಾಗ ಕಾರು ನಿಂತಿರಬೇಕು, ಅಷ್ಟೇ.

ಟಿವಿಯಲ್ಲಿ ನಾವು ನೋಡುವ ಫಾರ್ಮುಲಾ ಒನ್ ನೆನಪಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಮಾರುವ ಕಾರನ್ನೇ ತಂದು ಓಡಿಸುತ್ತಿದ್ದುದರಿಂದ ಈ ಆಟಕ್ಕೆ ಸ್ಟಾಕ್ ಕಾರ್ ಅನ್ನುವ ಹೆಸರು. ಸುತ್ತಳತೆ ಒಂದು ಮೈಲಿಗಿಂತ ಕಡಿಮೆಯಿದ್ದರೆ ಅದು ಶಾರ್ಟ್ ಟ್ರ್ಯಾಕ್. ಬೋಮನ್ ಗ್ರೇಯದು ಕಾಲು ಮೈಲಿ, ಅಂದರೆ ನಮ್ಮ ಕ್ರೀಡಾಕೂಟಗಳ ನಾನೂರು ಮೀಟರ್ ಓಟದ ಅಂಕಣದಷ್ಟು. ಅದೂ ಫುಟ್‌ಬಾಲ್ ಮೈದಾನದ ಸುತ್ತ ಹಾಸಿದ ಡಾಂಬರು. ತಿರುವುಗಳಲ್ಲಿ ಇಳಿಜಾರಿಲ್ಲ, ಹಿಂದೆ ಹಾಕಲು ಜಾಗವಿಲ್ಲ. ಮುಂದಿನವನ ಬಂಪರಿಗೆ ಮೆಲ್ಲಗೆ ತಾಗಿಸಿ ಅವನನ್ನು ಒಳಗೆರೆಯಿಂದ ಹೊರಕ್ಕೆ ಸರಿಸುವುದೇ ಇಲ್ಲಿಯ ವಿದ್ಯೆ. ಮೆಲ್ಲಗೆ ಅಂದರೆ ಎಷ್ಟು ಅನ್ನುವುದೇ ಇಲ್ಲಿಯ ಜಗಳ.

1930ರ ದಶಕದ ಮಹಾ ಕುಸಿತದ ಕಾಲದಲ್ಲಿ ಜನರಿಗೆ ಕೂಲಿ ಕೊಡಲೆಂದು ಸರ್ಕಾರ ಮಾಡಿಸಿದ ಕೆಲಸಗಳಲ್ಲಿ ಈ ಸ್ಟೇಡಿಯಂ ಒಂದು. ಊರಿನ ಅನ್ನದಾತ ಆಗಿದ್ದ ಆರ್.ಜೆ. ರೆನಾಲ್ಡ್ಸ್ ತಂಬಾಕು ಕಂಪನಿಯ ಮುಖ್ಯಸ್ಥನ ಹೆಸರು ಅದಕ್ಕೆ. ಸ್ಟಾಕ್ ಕಾರ್ ರೇಸು ನಡೆಸುವ ನಾಸ್ಕಾರ್ ಸಂಸ್ಥೆ ಕಟ್ಟಿದ ಬಿಲ್ ಫ್ರಾನ್ಸ್, ಆಲ್ವಿನ್ ಹಾಕಿನ್ಸ್ ಎಂಬವರ ಜೊತೆ ಸೇರಿ 1949ರಲ್ಲಿ ಇಲ್ಲಿ ವಾರ ವಾರದ ರೇಸು ಶುರುಮಾಡಿದ. ವಾರ ವಾರವೂ ರೇಸು ನಡೆಸುವ ನಾಸ್ಕಾರಿನ ಮೊದಲ ಟ್ರ್ಯಾಕು ಇದೇ. ನನ್ನನ್ನು ಮೊದಲು ಇಲ್ಲಿಗೆ ಕರೆತಂದ ಪಕ್ಕದ ಮನೆಯ ಅಜ್ಜ ಮೂವತ್ತು ವರ್ಷ ಸಿಗರೇಟು ಕಾರ್ಖಾನೆಯಲ್ಲಿ ದುಡಿದವರು. ಅವರ ಪ್ರಕಾರ ಊರಿನಲ್ಲಿ ಎರಡೇ ಹಾಜರಿ ಪುಸ್ತಕ: ಭಾನುವಾರ ಚರ್ಚು, ಶನಿವಾರ ಸ್ಟೇಡಿಯಂ.

ಈಗ ನನ್ನ ವಾದಕ್ಕೆ ಬರುತ್ತೇನೆ. ನಮ್ಮ ಕಡೆ ಸಂತೆ ಬೇರೆ, ಜಾತ್ರೆ ಬೇರೆ. ಜಾತ್ರೆಗೆ ತೇರು, ದೀಪ, ಹೊರಗಿನ ಜನ. ಸಂತೆಗೆ ಸೊಪ್ಪು, ಚೌಕಾಸಿ, ಗುರುತಿನ ಮುಖ. ಶಾರ್ಟ್ ಟ್ರ್ಯಾಕ್ ರೇಸು ಸಂತೆಯ ಜಾತಿಯದು. ದೊಡ್ಡವರು ಮತ್ತೆ ಮತ್ತೆ ಅದನ್ನು ಜಾತ್ರೆ ಮಾಡಲು ಹೊರಡುತ್ತಾರೆ. ನಾರ್ತ್ ಕೆರೊಲಿನಾದ ಎರಡು ಟ್ರ್ಯಾಕುಗಳ ಕಥೆ ಹೇಳಿದರೆ ಅದರಿಂದ ಏನಾಯಿತು ಎಂಬುದು ಗೊತ್ತಾದೀತು.

ಬೋಮನ್ ಗ್ರೇಯಲ್ಲಿ 1958ರಿಂದ ನಾಸ್ಕಾರಿನ ಅತ್ಯುನ್ನತ ಸರಣಿಯ ರೇಸುಗಳೂ ನಡೆಯುತ್ತಿದ್ದವು. ಹೆಸರಾಂತ ಚಾಲಕ ರಿಚರ್ಡ್ ಪೆಟ್ಟಿ ತನ್ನ ನೂರನೇ ಗೆಲುವು ಕಂಡದ್ದು ಇಲ್ಲೇ, 1969ರಲ್ಲಿ. ಮುಂದೆ ಚಾಲಕ ಡೇಲ್ ಅರ್ನ್‌ಹಾರ್ಟ್ ಜೊತೆ ಸೇರಿ ಆರು ಚಾಂಪಿಯನ್‌ಷಿಪ್ ಗೆದ್ದ ತಂಡದ ಒಡೆಯ ರಿಚರ್ಡ್ ಚಿಲ್ಡ್ರೆಸ್, ಹುಡುಗನಾಗಿದ್ದಾಗ ಇದೇ ಮೆಟ್ಟಿಲುಗಳ ಮೇಲೆ ಕಡಲೆಕಾಯಿ ಮಾರಿದವನು. 1971ರಲ್ಲಿ ಅದೇ ರೆನಾಲ್ಡ್ಸ್ ಕಂಪನಿ ತನ್ನ ವಿನ್‌ಸ್ಟನ್ ಸಿಗರೇಟಿನ ಹೆಸರಿನಲ್ಲಿ ಇಡೀ ಸರಣಿಗೆ ದುಡ್ಡು ಹಾಕಿತು. ಮರುವರ್ಷ 48 ರೇಸುಗಳಿದ್ದ ಪಟ್ಟಿ 31ಕ್ಕೆ ಇಳಿಯಿತು. ಕತ್ತರಿ ಬಿದ್ದದ್ದು ಚಿಕ್ಕ ರೇಸುಗಳಿಗೆ, ಚಿಕ್ಕ ಊರುಗಳಿಗೆ. ಊರಿನ ಕಂಪನಿಯ ದುಡ್ಡಿನಿಂದಲೇ ಊರಿನ ದೊಡ್ಡ ರೇಸು ಹೋದ ವಿಚಿತ್ರ ಇದು. ಪಕ್ಕದ ಮನೆಯ ಅಜ್ಜ ಇದನ್ನು ಹೇಳುವಾಗ ಈಗಲೂ ಸ್ವಲ್ಪ ದನಿ ತಗ್ಗಿಸುತ್ತಾರೆ, ಪಿಂಚಣಿ ಕೊಟ್ಟ ಕಂಪನಿ ನೋಡಿ.

1971ರ ಆಗಸ್ಟ್ 6ರಂದು ಇಲ್ಲಿ ನಡೆದ ಆ ಸರಣಿಯ ಕೊನೆಯ ರೇಸನ್ನು ಬಾಬಿ ಆಲಿಸನ್ ಒಂದು ಪುಟ್ಟ ಮಸ್ಟಾಂಗ್ ಕಾರಿನಲ್ಲಿ ಗೆದ್ದ. ಆ ಕಾರು ಬೇರೆ ದರ್ಜೆಯದು ಅಂತ ಗೆಲುವನ್ನು ಅವನ ಲೆಕ್ಕಕ್ಕೆ ಬರೆಯಲಿಲ್ಲ. ಬರೆದದ್ದು 2024ರ ಅಕ್ಟೋಬರಿನಲ್ಲಿ. ಅವನು ತೀರಿಕೊಂಡದ್ದು ನವೆಂಬರಿನಲ್ಲಿ. ಐವತ್ಮೂರು ವರ್ಷ ಕಡತ ಕೂತಿತ್ತು ಅಂತ ತಿಳಿದಾಗ ನಮ್ಮ ತಾಲ್ಲೂಕು ಕಚೇರಿಗಳ ಮೇಲೆ ನನಗಿದ್ದ ಸಿಟ್ಟು ಕೊಂಚ ಇಳಿಯಿತು.

ಜಾತ್ರೆ ಹೋಯಿತು, ಸಂತೆ ನಿಲ್ಲಲಿಲ್ಲ. ಮುಂದಿನ ಬೇಸಿಗೆಯೂ ಶನಿವಾರ ಬಂತು, ಮಾಡಿಫೈಡ್ ಕಾರುಗಳು ಬಂದವು. ಅಗಲ, ಗಿಡ್ಡ, ಮುಂದಿನ ಚಕ್ರಗಳ ಮೇಲೆ ಮಡ್‌ಗಾರ್ಡೇ ಇಲ್ಲದ ವಿಕಾರ ರೂಪದ ಗಾಡಿಗಳವು. ಅಂದು ಇವನ್ನು ಓಡಿಸಿದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಓಡಿಸುತ್ತಾರೆ. ಮಯರ್ಸ್ ಮನೆತನವನ್ನೇ ತೆಗೆದುಕೊಳ್ಳಿ. ಬಾಬಿ ಮಯರ್ಸ್ 1957ರಲ್ಲಿ ಡಾರ್ಲಿಂಗ್ಟನ್‌ನ ರೇಸಿನಲ್ಲಿ ಸತ್ತ. ಮರುವರ್ಷ ಅವನ ಸಹೋದರ ಬಿಲ್ಲಿ, ಇದೇ ಬೋಮನ್ ಗ್ರೇಯಲ್ಲಿ ಓಡಿಸುತ್ತಿರುವಾಗಲೇ ಹೃದಯಾಘಾತವಾಗಿ ಹೋದ. ಆ ಮನೆಯ ಮೂರನೇ ತಲೆಯ ಬರ್ಟ್ ಮತ್ತು ಜೇಸನ್ ಇಂದಿಗೂ ಈ ಊರಿನ ಹೀರೋಗಳು, ಅರ್ಧ ಗ್ಯಾಲರಿಗೆ ವಿಲನ್‌ಗಳು. ಬರ್ಟ್‌ನ ಎದುರಾಳಿ ಟಿಮ್ ಬ್ರೌನ್ ಇಲ್ಲಿ ನೂರು ಗೆಲುವು ದಾಟಿದವನು. ಅವನ ಹೊಟ್ಟೆಪಾಡು ದೊಡ್ಡ ಸರಣಿಯ ತಂಡವೊಂದಕ್ಕೆ ಕಾರು ಕಟ್ಟಿಕೊಡುವ ಕೆಲಸ.

ಇನ್ನೊಂದು ಟ್ರ್ಯಾಕು ನಮ್ಮ ಮನೆಯಿಂದ ಒಂದು ಗಂಟೆ ದೂರ, ಬೆಟ್ಟದ ಸೀಮೆಯ ನಾರ್ತ್ ವಿಲ್ಕ್ಸ್‌ಬರೊ. ಕಳ್ಳಭಟ್ಟಿಗೆ ಹೆಸರಾದ ಕೌಂಟಿ. ಪೊಲೀಸರಿಂದ ತಪ್ಪಿಸಿಕೊಳ್ಳಲು ಎಂಜಿನ್ ತಿದ್ದಿದವರೇ ಮುಂದೆ ರೇಸಿಗೆ ಬಂದರು ಅನ್ನುವ ಕಥೆಗಳೆಲ್ಲ ಈ ಮಣ್ಣಿನವು. 1947ರಲ್ಲಿ ಶುರುವಾದ ಈ ಟ್ರ್ಯಾಕಿಗೆ ವರ್ಷಕ್ಕೆ ಎರಡು ದೊಡ್ಡ ರೇಸುಗಳೇ ಜೀವ. ಹೊಸ ಒಡೆಯರು ಟ್ರ್ಯಾಕು ಕೊಂಡು, ಆ ಎರಡು ದಿನಾಂಕಗಳನ್ನು ಒಂದು ನ್ಯೂ ಹ್ಯಾಂಪ್‌ಶೈರ್‌ಗೆ, ಇನ್ನೊಂದು ಟೆಕ್ಸಾಸ್‌ಗೆ ಒಯ್ದರು. 1996ರ ಸೆಪ್ಟೆಂಬರಿನಲ್ಲಿ ಜೆಫ್ ಗಾರ್ಡನ್ ಗೆದ್ದದ್ದೇ ಕೊನೆ. 2010ರ ಹೊತ್ತಿಗೆ ಕೆಲಕಾಲ ಬಾಗಿಲು ತೆರೆದದ್ದು ಬಿಟ್ಟರೆ ಸುಮಾರು ಕಾಲು ಶತಮಾನ ಅಲ್ಲಿ ಕಳೆ ಬೆಳೆಯಿತು. ಹೆದ್ದಾರಿಯಲ್ಲಿ ಹೋಗುವಾಗ ಬಣ್ಣ ಹೋದ ಆ ಗ್ಯಾಲರಿ ಕಂಡರೆ ನನಗೆ ಮುಚ್ಚಿದ ಟೂರಿಂಗ್ ಟಾಕೀಸು ನೆನಪಾಗುತ್ತಿತ್ತು. ಕೊರೊನಾ ಪರಿಹಾರದ ಹಣದಲ್ಲಿ ರಾಜ್ಯ ಸರ್ಕಾರ ಕೋಟಿಗಟ್ಟಲೆ ಕೊಟ್ಟ ಮೇಲೆ 2022ರಲ್ಲಿ ಅದು ಎದ್ದು ಕೂತಿತು. 2023ರಲ್ಲಿ ದೊಡ್ಡ ಸರಣಿಯ ಆಲ್-ಸ್ಟಾರ್ ರೇಸು ಬಂತು. ಎರಡೂ ಕಥೆಗಳ ಸಾರ ಇಷ್ಟು: ಎರಡೇ ದಿನ ನಂಬಿದ್ದ ಟ್ರ್ಯಾಕು, ಆ ದಿನ ಕಿತ್ತುಕೊಂಡಾಗ ಸತ್ತಿತು. ಬೋಮನ್ ಗ್ರೇಗೆ ಬೇಸಿಗೆಯುದ್ದಕ್ಕೂ ಶನಿವಾರಗಳ ಆಸರೆ ಇತ್ತು, ಉಳಿಯಿತು.

ಈಗ ದೊಡ್ಡವರು ಬೋಮನ್ ಗ್ರೇಗೂ ವಾಪಸ್ಸು ಬಂದಿದ್ದಾರೆ. 2024ರಲ್ಲಿ ನಾಸ್ಕಾರ್ ಸಂಸ್ಥೆಯೇ ಇದರ ಉಸ್ತುವಾರಿ ವಹಿಸಿಕೊಂಡಿತು. 2025ರ ಫೆಬ್ರವರಿ 2ರಂದು ದೊಡ್ಡ ಸರಣಿಯ ಕ್ಲ್ಯಾಶ್ ಎಂಬ ಪ್ರದರ್ಶನ ರೇಸು ನಡೆದು ಚೇಸ್ ಎಲಿಯಟ್ ಗೆದ್ದ. ಬ್ರೌನ್‌ಗೂ ಬರ್ಟ್‌ಗೂ ಅರ್ಹತಾ ಸುತ್ತಿಗೆ ಕಾರು ಕೊಟ್ಟಿದ್ದರು. ಅವರಿಬ್ಬರು ಟ್ರ್ಯಾಕಿಗೆ ಇಳಿದಾಗ ಎದ್ದ ಕೂಗು ಎಲಿಯಟ್‌ಗೂ ಏಳಲಿಲ್ಲ. ನಾನೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತು ಕೂಗಿದೆ. ಹೊಸ ತಡೆಗೋಡೆ, ಹೊಸ ದೀಪ ಬಂದದ್ದು ಒಳ್ಳೆಯದೇ; ಪ್ರಾಣದ ಪ್ರಶ್ನೆ ಅದು. ಆದರೆ ತೇರಿನ ದಿನದ ದರ ಸಂತೆಯ ದಿನಕ್ಕೆ ಇಳಿದು ಬರಬಾರದು. ನಾಲ್ಕು ಜನರ ಸಂಸಾರ ಸಿನಿಮಾ ಖರ್ಚಿನಲ್ಲಿ ಬಂದು ಕೂರುವ ಜಾಗ ಇದು. ಸ್ಟೇಡಿಯಂ ಮುಖದರ್ಶನಕ್ಕೆ ಫೆಬ್ರವರಿಯಲ್ಲಿ ಬರುವ ಕ್ಯಾಮೆರಾಗಳಿಗಾಗಿ ಜುಲೈನ ಕಾಯಂ ಗಿರಾಕಿಯನ್ನು ಕಳೆದುಕೊಂಡರೆ ವಿಲ್ಕ್ಸ್‌ಬರೊದ ಕಳೆ ಇಲ್ಲಿಯೂ ಬೆಳೆಯುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವಳಲ್ಲ ನಾನು. ಈ ಜಾಗವನ್ನು ಹುಚ್ಚರ ಮನೆ ಅಂತ ಕರೆದು ಹೊಡೆದಾಟವನ್ನೇ ಟಿಕೆಟ್ಟಿನ ಹಾಗೆ ಮಾರುವುದು ನನಗೆ ಹಿಡಿಸುವುದಿಲ್ಲ. ಮೊದಲ ಸಲ ಬಂದಾಗ ಪಾರ್ಕಿಂಗಿನಲ್ಲಿ ಗುಲಾಮಗಿರಿಯ ಪರ ಹೋರಾಡಿದವರ ಬಾವುಟ ಕಂಡು ಸೀರೆ ಉಡದೆ ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ. 2020ರಲ್ಲಿ ನಾಸ್ಕಾರ್ ಆ ಬಾವುಟ ನಿಷೇಧಿಸಿತು, ತಡವಾಗಿ. ಕರಿಯ ಚಾಲಕ ವೆಂಡೆಲ್ ಸ್ಕಾಟ್ 1963ರಲ್ಲಿ ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ ಇನ್ನೊಬ್ಬನನ್ನು ವಿಜೇತ ಎಂದು ಸಾರಿ, ಗಂಟೆಗಳ ನಂತರ ತಿದ್ದಿದರು. ಟ್ರೋಫಿ ಮನೆಯವರ ಕೈಸೇರಿದ್ದು 2021ರಲ್ಲಿ, ಸ್ಕಾಟ್ ಸತ್ತು ಮೂವತ್ತು ವರ್ಷದ ಮೇಲೆ. ಕರಿಯರಿಗಾಗಿ ಹುಟ್ಟಿದ ವಿನ್‌ಸ್ಟನ್-ಸೇಲಂ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು ಫುಟ್‌ಬಾಲ್ ಆಡುವುದು ಇದೇ ಡಾಂಬರಿನ ನಡುವಿನ ಹುಲ್ಲಿನ ಮೇಲೆ. ಅವರ ಋತು ಶುರುವಾಗುತ್ತದೆಂದೇ ರೇಸು ಆಗಸ್ಟಿಗೆ ಮುಗಿಯುವುದು. ಆ ಎರಡು ಗ್ಯಾಲರಿಗಳ ಜನ ಒಂದಾಗುವುದನ್ನು ನಾನಿನ್ನೂ ಹೆಚ್ಚು ನೋಡಿಲ್ಲ.

ಅಪ್ಪ ಬಂದ ಆ ಶನಿವಾರ ರೇಸು ಮುಗಿದ ಮೇಲೆ ಅವರಿಗೆ ರೇಸಿನ ಕಾರು ನಿಲ್ಲಿಸುವ ಕಡೆ ಹೋಗಬೇಕಿತ್ತು. ಒಬ್ಬ ಹುಡುಗ ಟ್ರಕ್ಕಿನ ಬೆಳಕಿನಲ್ಲಿ ಮೊಣಕಾಲೂರಿ ನೆಗ್ಗಿದ ತಗಡನ್ನು ಹೊರಗಿನಿಂದ ಬಡಿಯುತ್ತಿದ್ದ. ಅಪ್ಪ ನೋಡುವಷ್ಟು ಹೊತ್ತು ನೋಡಿ, "ಒಳಗಡೆಯಿಂದ ಬಡಿಯೋಕೆ ಹೇಳಮ್ಮ ಅವನಿಗೆ" ಅಂದರು. ಹೇಳಿದೆ. ಹುಡುಗ ಅಪ್ಪನ ಕೈ ನೋಡಿ, ಸುತ್ತಿಗೆ ಅವರ ಕಡೆ ಚಾಚಿದ.