ಆರೈಕೆಯ ಕೈಗಳಿಗೂ ತರಬೇತಿ ಬೇಡವೇ?

ಕರಾವಳಿಯ ಯಾವುದೇ ಮೊಹಲ್ಲಾವನ್ನು ತೆಗೆದುಕೊಳ್ಳಿ. ಹಾಸಿಗೆ ಹಿಡಿದ ವೃದ್ಧ ತಂದೆಯೋ ತಾಯಿಯೋ ಇರುವ ಮನೆಗಳು ಅಲ್ಲಿ ಇದ್ದೇ ಇರುತ್ತವೆ. ಪುತ್ರರು ದುಬೈ, ದಮಾಮ್, ದೋಹಾಗಳಲ್ಲಿರುತ್ತಾರೆ. ಪುತ್ರಿಯರು ತಂತಮ್ಮ ಗಂಡಂದಿರ ಮನೆಯಲ್ಲಿರುತ್ತಾರೆ. ಅನೇಕ ಮನೆಗಳಲ್ಲಿ ಹಣಕ್ಕೆ ದೊಡ್ಡ ಕೊರತೆಯಿಲ್ಲ. ಔಷಧಿ ಬರುತ್ತದೆ, ಕರೆದರೆ ವೈದ್ಯರೂ ಬರುತ್ತಾರೆ. ಆದರೆ ರೋಗಿಯನ್ನು ಎಬ್ಬಿಸಿ ಕೂರಿಸುವ, ಮೈ ಒರೆಸುವ, ಮಗ್ಗುಲು ಬದಲಿಸುವ ಕೈಗಳಿಲ್ಲ. ಮನೆಯ ಸೊಸೆ ಒಬ್ಬಳೇ ಎಷ್ಟು ದಿನ ನಿಭಾಯಿಸಿಯಾಳು? ಕೊನೆಗೆ ಏಜೆನ್ಸಿಯೊಂದಕ್ಕೆ ಫೋನು ಹೋಗುತ್ತದೆ. ಎರಡು ದಿನಗಳಲ್ಲಿ ಚೀಲವೊಂದನ್ನು ಹಿಡಿದು 'ಹೋಮ್ ನರ್ಸ್' ಬಾಗಿಲಿಗೆ ಬರುತ್ತಾರೆ.

ಹಾಗೆ ಬಂದವರು ನರ್ಸ್ ಹೌದೇ ಎಂದು ನಾವು ಕೇಳುವುದಿಲ್ಲ. ಎಲ್ಲಿ ಕಲಿತಿರಿ, ಯಾರು ಪರೀಕ್ಷಿಸಿದರು, ಈ ಮೊದಲು ಯಾವ ರೋಗಿಯನ್ನು ನೋಡಿಕೊಂಡಿರಿ ಎಂಬ ಪ್ರಶ್ನೆಗಳೂ ಇಲ್ಲ. ತಿಂಗಳಿಗೆ ಎಷ್ಟು ಎಂಬುದೊಂದೇ ಪ್ರಶ್ನೆ. ಕಾರಿನ ಚಾಲಕನನ್ನು ನೇಮಿಸುವಾಗ ಲೈಸೆನ್ಸ್ ತೋರಿಸು ಎನ್ನುವ ನಾವು, ಹೆತ್ತ ತಾಯಿಯ ದೇಹವನ್ನು ಒಪ್ಪಿಸುವಾಗ ಒಂದು ಕಾಗದವನ್ನೂ ಕೇಳುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಬಡತನದಿಂದ, ಅಥವಾ ಗಂಡನನ್ನು ಕಳಕೊಂಡು ಈ ವೃತ್ತಿಗೆ ಇಳಿದವರು. ಅವರ ಪ್ರಾಮಾಣಿಕತೆಯ ಬಗ್ಗೆ ನಮ್ಮ ತಕರಾರಿಲ್ಲ. ಅವರಿಗೆ ಯಾರೂ ಏನನ್ನೂ ಕಲಿಸಿಲ್ಲ ಎಂಬುದಷ್ಟೇ ನಮ್ಮ ದೂರು.

ಕಲಿಯುವುದಕ್ಕೆ ಅದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಪಾರ್ಶ್ವವಾಯು ಬಡಿದ ರೋಗಿಯನ್ನು ಒಂದೇ ಮಗ್ಗುಲಲ್ಲಿ ಮಲಗಿಸಿದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗುತ್ತದೆ, ಬಳಿಕ ಒಡೆಯುತ್ತದೆ. ಆ ಹುಣ್ಣು ಎಲುಬಿನವರೆಗೂ ಇಳಿಯಬಲ್ಲದು, ಸೋಂಕು ರಕ್ತಕ್ಕೆ ಸೇರಿ ಪ್ರಾಣವನ್ನೂ ತೆಗೆಯಬಲ್ಲದು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದೂ ಆ ಕೆಂಪನ್ನು ಮೊದಲ ದಿನವೇ ಗುರುತಿಸಬೇಕೆಂದೂ ತಿಳಿದವರಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ನುಂಗಲು ಕಷ್ಟಪಡುವ ರೋಗಿಗೆ ಮಲಗಿದಲ್ಲೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಬಳಿಕವೂ ಸ್ವಲ್ಪ ಹೊತ್ತು ಹಾಗೆಯೇ ಇರಿಸಬೇಕು. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಅಂಗಿ ತೊಡಿಸುವಾಗ ಶಕ್ತಿಯಿಲ್ಲದ ಕೈಯನ್ನು ಮೊದಲು ತೂರಿಸಬೇಕು, ಕಳಚುವಾಗ ಅದನ್ನು ಕೊನೆಗೆ ಬಿಡಿಸಬೇಕು. ಸ್ವಂತ ಬೆನ್ನು ಮುರಿದುಕೊಳ್ಳದೆ ಭಾರದ ರೋಗಿಯನ್ನು ಕುರ್ಚಿಗೆ ಸಾಗಿಸುವುದಕ್ಕೂ ಒಂದು ಕ್ರಮವಿದೆ. ಇನ್ಸುಲಿನ್ ಚುಚ್ಚುವುದು, ಔಷಧಿಯ ಪ್ರಮಾಣ ಬದಲಿಸುವುದು ತನ್ನ ಕೆಲಸವಲ್ಲ, ಅಲ್ಲಿ ನರ್ಸ್ ಅಥವಾ ವೈದ್ಯರನ್ನು ಕರೆಯಬೇಕು ಎಂಬ ಅರಿವು ಇವೆಲ್ಲಕ್ಕಿಂತ ಮುಖ್ಯ. ಇದು ಖಂಡಿತ ಒಂದು ವಿದ್ಯೆ.

ಅಮೆರಿಕ ಇದನ್ನು ವಿದ್ಯೆಯೆಂದು ಕಾನೂನಿನ ಮೂಲಕವೇ ಒಪ್ಪಿಕೊಂಡಿದೆ. ಅಲ್ಲಿನ ವೃದ್ಧರ ಶುಶ್ರೂಷಾಲಯಗಳಲ್ಲಿನ ನಿರ್ಲಕ್ಷ್ಯ, ಹಿಂಸೆಗಳ ಬಗ್ಗೆ ದೂರುಗಳು ಹೆಚ್ಚಾದಾಗ 1987ರಲ್ಲಿ ಸಂಸತ್ತು ಕಾಯ್ದೆಯೊಂದನ್ನು ತಂದಿತು. ಸರಕಾರಿ ವಿಮೆಯ ಹಣ ಪಡೆಯುವ ಶುಶ್ರೂಷಾಲಯಗಳಲ್ಲಿ ನರ್ಸಿಂಗ್ ಸಹಾಯಕರಾಗುವವರು ಕನಿಷ್ಠ 75 ಗಂಟೆಗಳ ತರಬೇತಿ ಪಡೆಯಬೇಕು, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿತದ್ದಾಗಿರಬೇಕು ಎಂದು ವಿಧಿಸಲಾಯಿತು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಇದು 160 ಗಂಟೆ. ಬಳಿಕ ಲಿಖಿತ ಅಥವಾ ಮೌಖಿಕ ಪರೀಕ್ಷೆಯಿದೆ, ಪರೀಕ್ಷಕರ ಮುಂದೆ ಮಾಡಿ ತೋರಿಸುವ ಪರೀಕ್ಷೆಯೂ ಇದೆ. ಕೈ ತೊಳೆಯುವುದು ಅದರಲ್ಲೊಂದು. (ದಿನಕ್ಕೆ ಐದು ಬಾರಿ ವುಝೂ ಮಾಡುವ ಸಮುದಾಯಕ್ಕೆ ಈ ಪರೀಕ್ಷೆ ಕಷ್ಟವಾಗಬಾರದು!) ತೇರ್ಗಡೆಯಾದವರ ಹೆಸರು ರಾಜ್ಯದ ನೋಂದಣಿ ಪುಸ್ತಕಕ್ಕೆ ಸೇರುತ್ತದೆ. ರೋಗಿಯನ್ನು ಹಿಂಸಿಸಿದ್ದು ಅಥವಾ ಅವರ ಸೊತ್ತನ್ನು ಕದ್ದದ್ದು ಸಾಬೀತಾದರೆ ಅದೂ ಅಲ್ಲೇ ದಾಖಲಾಗುತ್ತದೆ. ಅಂಥವರನ್ನು ಬೇರೆ ಶುಶ್ರೂಷಾಲಯಗಳು ನೇಮಿಸುವಂತಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುವುದಿಲ್ಲ. ಸಂಬಳ ಕಡಿಮೆ, ಕೆಲಸ ವಿಪರೀತ ಎಂಬ ದೂರು ಅಲ್ಲಿಯೂ ಇದೆ. ಆದರೂ ಅಲ್ಲಿನ ವೃದ್ಧೆಯ ಮಗನಿಗೆ ಕೇಳಿ ತಿಳಿಯಲು ಒಂದು ಪುಸ್ತಕವಿದೆ. ಮಂಗಳೂರಿನ, ಭಟ್ಕಳದ ಮಗನಿಗೆ ಏಜೆನ್ಸಿಯವನ ಮಾತಷ್ಟೇ ಆಧಾರ.

ನಮ್ಮ ದೇಶದಲ್ಲಿ ಏನೂ ಇಲ್ಲವೆಂದಲ್ಲ. ಕೌಶಲ ತರಬೇತಿಯ ಯೋಜನೆಗಳಡಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್', 'ಹೋಮ್ ಹೆಲ್ತ್ ಏಡ್' ಎಂಬ ಕೋರ್ಸುಗಳಿವೆ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇವುಗಳ ಪಠ್ಯವನ್ನು ರೂಪಿಸಿದೆ. ಪದವಿ ಬೇಕಿಲ್ಲ, ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಕೆಲವು ತಿಂಗಳಲ್ಲಿ ಮುಗಿಯುವ ಕಲಿಕೆ. ಕೊರೋನಾದ ಎರಡನೇ ಅಲೆಯಲ್ಲಿ ಆಸ್ಪತ್ರೆಗಳು ಸಿಬ್ಬಂದಿಯಿಲ್ಲದೆ ತತ್ತರಿಸಿದಾಗ, 2021ರ ಜೂನ್‌ನಲ್ಲಿ ಕೇಂದ್ರ ಸರಕಾರ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ತರಬೇತುಗೊಳಿಸುವ ತುರ್ತು ಯೋಜನೆ ಪ್ರಕಟಿಸಿತು. ಮನೆ ಆರೈಕೆ ಅದರಲ್ಲೊಂದು ವಿಭಾಗವಾಗಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ನಮ್ಮ ಸರಕಾರಗಳ ಅಭ್ಯಾಸಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈ ಅಧಿಕೃತ ದಾರಿಯ ಬದಿಯಲ್ಲೇ ಮೋಸದ ಅಂಗಡಿಗಳೂ ತೆರೆದಿವೆ. ಎರಡು ಕೋಣೆ ಬಾಡಿಗೆಗೆ ಹಿಡಿದು 'ಆರು ತಿಂಗಳಲ್ಲಿ ನರ್ಸಿಂಗ್, ಗಲ್ಫ್‌ನಲ್ಲಿ ಉದ್ಯೋಗ ಖಚಿತ' ಎಂದು ಫಲಕ ಹಾಕುವವರ ಬಲೆಗೆ ಬೀಳುವವರಲ್ಲಿ ನಮ್ಮ ಬಡ ಹೆಣ್ಣುಮಕ್ಕಳೂ ಇದ್ದಾರೆ. ತಾಯಿಯ ಬಳೆ ಅಡವಿಟ್ಟು ಶುಲ್ಕ ಕಟ್ಟುತ್ತಾರೆ. ಆದುದರಿಂದ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ: ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಪಿಯುಸಿಯ ಬಳಿಕ ಎಎನ್‌ಎಂಗೆ ಎರಡು ವರ್ಷ, ಜಿಎನ್‌ಎಂಗೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್‌ಗೆ ನಾಲ್ಕು ವರ್ಷ ಬೇಕು. ನಂತರ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಗಲ್ಫ್ ರಾಷ್ಟ್ರಗಳಲ್ಲಿ ನರ್ಸ್ ಹುದ್ದೆಗೆ ಈ ನೋಂದಣಿ, ಕೆಲಸದ ಅನುಭವ, ಆಯಾ ದೇಶದ ಪರೀಕ್ಷೆ ಎಲ್ಲವೂ ಬೇಕು. ಕೆಲವು ತಿಂಗಳ ಕೋರ್ಸು ಕಲಿತವರು ಸಹಾಯಕರಾಗುತ್ತಾರೆ. ಅದು ಗೌರವದ ಕೆಲಸವೇ. ಆದರೆ ನರ್ಸ್ ಆಗುತ್ತೀರಿ ಎಂದು ನಂಬಿಸಿ ಸಹಾಯಕರ ಕೋರ್ಸನ್ನೋ ಅದೂ ಅಲ್ಲದ ಬರಿಯ ಕಾಗದವನ್ನೋ ಮಾರುವುದು ವಂಚನೆ. ಸೇರುವ ಮೊದಲು ಹೆತ್ತವರು ಪರೀಕ್ಷೆ ನಡೆಸುವುದು ಯಾರು, ಪ್ರಮಾಣಪತ್ರದಲ್ಲಿ ಯಾರ ಮುದ್ರೆ ಇರುತ್ತದೆ ಎಂದು ಕೇಳಲಿ. ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ದಿನ ಅಭ್ಯಾಸ ಮಾಡಿಸುತ್ತೀರಿ ಎಂದೂ ಕೇಳಲಿ. ವಾರ್ಡ್ ನೋಡದೆ, ಬರಿಯ ಕಪ್ಪು ಹಲಗೆಯಲ್ಲಿ ಮುಗಿಯುವ ಆರೈಕೆಯ ಕೋರ್ಸಿಗೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಇನ್ನು ನಮ್ಮೊಳಗಿನ ಕಾಯಿಲೆಯ ಬಗ್ಗೆ. ಹೆರಿಗೆಗೆ ಹೋದಾಗ ನಮಗೆ ಮಹಿಳಾ ವೈದ್ಯೆಯೇ ಬೇಕು, ಮಹಿಳಾ ನರ್ಸೇ ಬೇಕು. ಆದರೆ ನಮ್ಮ ಮಗಳು ಆ ಕೆಲಸಕ್ಕೆ ಹೋಗಬಾರದು. ವೈದ್ಯೆಯಾದರೆ ಅಡ್ಡಿಯಿಲ್ಲ, ಮದುವೆಯ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿದೆ. ನರ್ಸ್ ಎಂದರೆ ಸ್ವಲ್ಪ ಮುಖ ಸಿಂಡರಿಸುತ್ತೇವೆ. ಸಹಾಯಕಿ ಎಂದರೆ, 'ಮಲ ಮೂತ್ರ ಬಳಿಯುವ ಕೆಲಸವೇ?' ಎನ್ನುತ್ತೇವೆ. ಯಾರದೋ ಮಗಳು ನಮ್ಮ ತಂದೆಯ ಮಲ ಮೂತ್ರ ಬಳಿಯಬಹುದಾದರೆ ಅದು ನಮ್ಮ ಮಗಳಿಗೆ ಅವಮಾನವಾಗುವುದು ಹೇಗೆ? ವೃದ್ಧ ಹೆತ್ತವರ ಮುಂದೆ ಬೇಸರದ ಉದ್ಗಾರವನ್ನೂ ಹೊರಡಿಸಬಾರದೆಂದು ಕಲಿಸಿದ ಕುರ್‌ಆನ್‌ನ ಅನುಯಾಯಿಗಳು ಆ ಹೆತ್ತವರ ಸೇವೆಯ ವೃತ್ತಿಯನ್ನೇ ಹೀನವೆಂದು ಬಗೆದದ್ದು ವಿಪರ್ಯಾಸ.

ನಮ್ಮ ಚರಿತ್ರೆ ಹೀಗಿರಲಿಲ್ಲ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿರಿಸಿ ಆರೈಕೆ ಮಾಡಲಾಯಿತು. ಆ ಡೇರೆ ಇದ್ದದ್ದು ಪ್ರವಾದಿ(ಸ)ರ ಮಸೀದಿಯಲ್ಲೇ. ಉಮ್ಮು ಅತಿಯ್ಯ(ರ) ಏಳು ಯುದ್ಧಗಳಲ್ಲಿ ಜೊತೆಗೆ ಹೋಗಿ ಅಡುಗೆ ಮಾಡಿದರು, ಗಾಯಾಳುಗಳನ್ನು ನೋಡಿಕೊಂಡರು. ಅವರನ್ನು ಯಾರೂ ಕೀಳಾಗಿ ಕಂಡದ್ದಿಲ್ಲ. ಮಸೀದಿಯ ಆವರಣದಲ್ಲೇ ಶುಶ್ರೂಷೆಗೆ ಜಾಗ ಮಾಡಿಕೊಟ್ಟ ಪರಂಪರೆಯ ನಾವಿಂದು, ಮಸೀದಿಯ ಗೋಡೆಗೆ ಯಾವ ಅಮೃತಶಿಲೆ ಎಂದು ಚರ್ಚಿಸುತ್ತಾ ಕುಳಿತಿದ್ದೇವೆ.

2020 ಮತ್ತು 2021ರಲ್ಲಿ ಕೊರೋನಾದಿಂದ ಮೃತಪಟ್ಟವರ ಬಳಿ ಸಂಬಂಧಿಕರೇ ಸುಳಿಯಲು ಅಂಜಿದ್ದಾಗ, ನಮ್ಮ ಯುವಕರು ಧರ್ಮ ಜಾತಿ ನೋಡದೆ ಶವಗಳನ್ನು ಹೊತ್ತರು, ಅವರವರ ವಿಧಿಯಂತೆ ಅಂತ್ಯಸಂಸ್ಕಾರ ಮಾಡಿದರು. ಅದೇ ದಿನಗಳಲ್ಲಿ ಒಂದು ವರ್ಗದ ಮಾಧ್ಯಮಗಳು ಈ ಸಮುದಾಯವನ್ನೇ ರೋಗಾಣುವೆಂಬಂತೆ ಚಿತ್ರಿಸುತ್ತಿದ್ದುದನ್ನೂ ಮರೆಯಲಾಗದು. ಆ ಯುವಕರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಶವ ಹೊರಲು ಸಿಕ್ಕಿದಷ್ಟು ಕೈಗಳು, ಉಸಿರಾಡಲು ಕಷ್ಟಪಡುತ್ತಿದ್ದ ರೋಗಿಯ ಹಾಸಿಗೆಯ ಬಳಿ ನಮ್ಮಲ್ಲಿರಲಿಲ್ಲ. ಧೈರ್ಯ ಇತ್ತು, ತರಬೇತಿ ಇರಲಿಲ್ಲ.

ಯುವಕರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಆರೈಕೆಯೆಂದೊಡನೆ ಹೆಣ್ಣನ್ನೇ ನೆನೆಯುವುದು ತಪ್ಪು. ಹಾಸಿಗೆ ಹಿಡಿದ ಪುರುಷರಿಗೆ ಪುರುಷ ಸಹಾಯಕರು ಬೇಕು. ಮರ್ಯಾದೆ, ಔರತ್‌ಗಳ ಬಗ್ಗೆ ಮಾತಾಡುವ ನಾವು ಈ ಬೇಡಿಕೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಿತ್ತು. ಗಲ್ಫ್‌ನಿಂದ ಕೆಲಸ ಕಳಕೊಂಡು ಮರಳಿ, ಪೇಟೆಯ ಅಂಗಡಿ ಜಗಲಿಯಲ್ಲಿ ದಿನ ಕಳೆಯುವವರಿಗೆ ಈ ದಾರಿಯನ್ನು ತೋರಿಸಿದ ಜಮಾಅತ್‌ಗಳು ಎಷ್ಟಿವೆ?

ಹೆಣ್ಣುಮಕ್ಕಳ ಹೆತ್ತವರನ್ನು ಕಾಡುವುದು ಉಡುಪಿನ ಪ್ರಶ್ನೆ. 2022ರಲ್ಲಿ ಉಡುಪಿಯಿಂದ ಹಬ್ಬಿದ ತಲೆವಸ್ತ್ರದ ವಿವಾದವನ್ನು ಕಂಡ ಮೇಲೆ ಅವರ ಭಯವನ್ನು ಸುಳ್ಳೆನ್ನುವಂತಿಲ್ಲ. 2023ರಲ್ಲಿ ತಿರುವನಂತಪುರದ ವೈದ್ಯಕೀಯ ವಿದ್ಯಾರ್ಥಿನಿಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉದ್ದ ತೋಳು ಮತ್ತು ತಲೆಗವಸಿಗೆ ಅನುಮತಿ ಕೋರಿದಾಗಲೂ ದೊಡ್ಡ ಚರ್ಚೆ ನಡೆಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಮೊಣಕೈವರೆಗೆ ತೊಳೆಯುವುದು ಸೋಂಕು ತಡೆಯುವ ನಿಯಮ. ಅದರಲ್ಲಿ ರಾಜಿ ಸಲ್ಲದು, ಅದನ್ನು ಧರ್ಮವಿರೋಧಿಯೆಂದು ಕೂಗುವುದೂ ಸಲ್ಲದು. ಆದರೆ ತಲೆವಸ್ತ್ರವನ್ನು ಬಿಗಿದು ಕಟ್ಟಿ ಒಳಗೆ ಸೇರಿಸಿದರೆ ರೋಗಿಗೆ ಯಾವ ಅಪಾಯವೂ ಇಲ್ಲ. ಇಂಗ್ಲೆಂಡಿನ ಡರ್ಬಿಯ ಆಸ್ಪತ್ರೆಯೊಂದು 2019ರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗೇ ಒಮ್ಮೆ ಬಳಸಿ ಎಸೆಯುವ ತಲೆವಸ್ತ್ರಗಳನ್ನು ತಂದಿತು. ಅಮೆರಿಕದ ಮಿನ್ನೆಸೋಟದಲ್ಲಿ ಸೊಮಾಲಿಯಾ ಮೂಲದ ಎಷ್ಟೋ ಮುಸ್ಲಿಂ ಮಹಿಳೆಯರು ತಲೆವಸ್ತ್ರ ಧರಿಸಿಯೇ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಮನೆಯ ಆರೈಕೆಯಲ್ಲಂತೂ ಈ ಪ್ರಶ್ನೆ ಇನ್ನೂ ಸಣ್ಣದು. ವಿವಾದದ ನೆಪದಲ್ಲಿ ಮಗಳನ್ನು ಮನೆಯಲ್ಲೇ ಕೂರಿಸಿದರೆ ವಿವಾದ ಹುಟ್ಟಿಸಿದವರ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಈ ರಾಜ್ಯದಲ್ಲಿ ಮುಸ್ಲಿಮರು ನಡೆಸುವ ಆಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ನರ್ಸಿಂಗ್ ಕಾಲೇಜುಗಳೂ ಇವೆ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗಾಗಿ ತೆರೆದ ಪುಟ್ಟ ಔಷಧಾಲಯ ಎಲ್ಲಿಗೆ ತಲುಪಿತೆಂಬುದನ್ನು ಬಲ್ಲ ಊರು ನಮ್ಮದು. ನಮ್ಮ ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ, ತಮ್ಮಲ್ಲಿ ಈಗಾಗಲೇ ದುಡಿಯುತ್ತಿರುವ ಆಯಾಗಳಿಗೂ ವಾರ್ಡ್ ಸಹಾಯಕರಿಗೂ ಪಾಳಿಯ ಸಮಯದಲ್ಲೇ, ಸಂಬಳ ಕಡಿತವಿಲ್ಲದೆ, ಅಧಿಕೃತ ತರಬೇತಿ ಕೊಡಿಸಬಹುದು. ಜಮಾಅತ್‌ಗಳು ಕಳುಹಿಸುವ ಹೊಸಬರಿಗೆ ವಾರ್ಡಿನ ಬಾಗಿಲು ತೆರೆಯಬಹುದು. ತರಬೇತಿ ಪಡೆದವರಿಗೆ ಹೆಚ್ಚು ಸಂಬಳ ಕೊಡುವುದೂ ಅದರ ಭಾಗವಾಗಬೇಕು. ಕೂಲಿಯ ಕುರಿತ ಪ್ರವಾದಿ ವಚನವನ್ನು ವೇದಿಕೆಯಲ್ಲಿ ಉದ್ಧರಿಸಿ, ಕಚೇರಿಗೆ ಮರಳಿ ಹೊರಗುತ್ತಿಗೆಯ ಕಡತಕ್ಕೆ ಸಹಿ ಹಾಕುವುದು ಬೇಡ. ನರ್ಸ್‌ಗಳ ವೇತನದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿಯು ಸಣ್ಣ ಆಸ್ಪತ್ರೆಗಳಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಾಗಬಾರದೆಂದು ಶಿಫಾರಸು ಮಾಡಿತು. ಕೇರಳ 2018ರಲ್ಲಿ ಅದನ್ನು ಆದೇಶವಾಗಿಸಿದ್ದು ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಬಳಿಕ. ಸಂಘಟನೆಯಿದ್ದ ನರ್ಸ್‌ಗಳ ಪಾಡೇ ಇದಾದರೆ, ಯಾರದೋ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಮಲಗುವ ಸಹಾಯಕಿಯ ಪರ ಮಾತಾಡುವವರು ಯಾರು? ರೋಗಿಯನ್ನು ನೋಡಿಕೊಳ್ಳಲು ಬಂದವರಿಂದ ಪಾತ್ರೆ ತೊಳೆಸಿ, ನೆಲ ಒರೆಸಿ, ಮದುವೆಯ ಅಡುಗೆಗೂ ಕೈಜೋಡಿಸಲು ಹೇಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ರಾತ್ರಿ ಮೂರು ಬಾರಿ ಎದ್ದು ಮಗ್ಗುಲು ಬದಲಿಸುವವರಿಗೆ ಹಗಲು ನಿದ್ದೆ ಬೇಕು, ವಾರಕ್ಕೊಂದು ರಜೆ ಬೇಕು.

2004ರಲ್ಲೇ ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದ ರಾಜ್ಯ ನಮ್ಮದು. ಅದೇ ಸರಕಾರಕ್ಕೆ, ಮನೆಗಳಿಗೆ ಆರೈಕೆದಾರರನ್ನು ಕಳುಹಿಸುವ ಏಜೆನ್ಸಿಗಳ ನೋಂದಣಿ ಕಡ್ಡಾಯ ಮಾಡುವುದು, ತರಬೇತಿ ಪಡೆದವರ ಹೆಸರುಗಳನ್ನು ಜಿಲ್ಲಾವಾರು ಸಾರ್ವಜನಿಕಗೊಳಿಸುವುದು ಅಸಾಧ್ಯವೇನಲ್ಲ. ವೃದ್ಧರಿಗೂ ಮತವಿದೆ ಎಂಬುದು ನಮ್ಮ ಶಾಸಕರಿಗೆ ಚುನಾವಣೆಯ ವೇಳೆ ಚೆನ್ನಾಗಿಯೇ ನೆನಪಿರುತ್ತದೆ. ಹಾಗಾಗಿ ಈ ಬೇಡಿಕೆಯನ್ನು ಮನವಿಪತ್ರವಾಗಿ ಅವರ ಮುಂದಿಡಬೇಕು.

ಪ್ರತಿವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಸಂಘಟನೆಗಳು ವಿದ್ಯಾರ್ಥಿವೇತನದ ಅರ್ಜಿ ಕರೆಯುತ್ತವೆ. ಇಂಜಿನಿಯರಿಂಗ್, ಎಂಬಿಬಿಎಸ್, ಬಿಕಾಂ ಎಂದು ಅದರಲ್ಲಿ ಕಾಲಂಗಳಿರುತ್ತವೆ. ಈ ಬಾರಿ ಅದಕ್ಕೆ ಎಎನ್‌ಎಂ, ಜಿಎನ್‌ಎಂ ಮತ್ತು ಆರೈಕೆ ಸಹಾಯಕರ ತರಬೇತಿ ಎಂಬ ಕಾಲಂ ಸೇರಲಿ. ಶಾಲೆ ಬಿಟ್ಟು ಮನೆಯಲ್ಲಿರುವವರು, ವಿಧವೆಯರು, ಮೂವತ್ತು ದಾಟಿದವರು ಕೂಡಾ ಅರ್ಜಿ ಹಾಕಬಹುದೆಂದು ಜುಮಾದ ದಿನ ಮಸೀದಿಯಲ್ಲಿ ಓದಿ ಹೇಳಲಿ.