ಚಹದ ಸ್ಥಾಯಿ, ಮಸಾಲೆಯ ಸಂಚಾರ

ಕಾಫಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನು ಮಸಾಲೆ ಚಹದ ಪರವಾಗಿ ವಕಾಲತ್ತು ವಹಿಸಿದರೆ ಅವನನ್ನು ಕುಲದ್ರೋಹಿಯೆಂದು ಬಗೆಯುವವರು ಇಲ್ಲದಿಲ್ಲ. ಆದರೂ ಈ ವಾರ ನಾನು ಆ ಅಪವಾದಕ್ಕೆ ತಲೆಯೊಡ್ಡಿದ್ದೇನೆ. ನಮ್ಮ ಕಾಲೇಜಿನ ಮಗ್ಗುಲಿನ ಚಹದಂಗಡಿಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕೇಳಿಬರುತ್ತಿದ್ದ ಕುಟ್ಟಾಣಿಯ ಸದ್ದು ಕಳೆದ ತಿಂಗಳು ನಿಂತುಹೋಯಿತು. ಅದರ ಸ್ಥಳದಲ್ಲಿ, ಗುಂಡಿಯನ್ನೊತ್ತಿದರೆ ಮಸಾಲೆ ಚಹವನ್ನು ಸುರಿಸುವ ಯಂತ್ರವೊಂದು ಬಂದು ಕುಳಿತಿದೆ. ಆ ಚಹ ಕೆಟ್ಟದ್ದೆಂದು ಹೇಳಲಾರೆ. ಆದರೆ ಕುಡಿದು ಮುಗಿಸಿದ ಮೇಲೆ, ಏನನ್ನು ಕುಡಿದೆನೆಂದು ಕೇಳಿಕೊಂಡರೆ ನಾಲಗೆಗೆ ಉತ್ತರ ಹೊಳೆಯುವುದಿಲ್ಲ.

ಕನ್ನಡ ಅಧ್ಯಾಪಕನಿಗೆ ಇಂಥ ಸಂಕಟದಲ್ಲಿ ಭರತಮುನಿಯೇ ದಿಕ್ಕು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸದ ಸ್ವರೂಪವನ್ನು ತಿಳಿಸಲು ಅವನು ಆರಿಸಿಕೊಂಡ ದೃಷ್ಟಾಂತ ಅಡುಗೆಮನೆಯದು. ಬಗೆಬಗೆಯ ವ್ಯಂಜನಗಳೂ ಮೂಲಿಕೆಗಳೂ ಕೂಡಿ ರುಚಿಯೊಂದು ಸಿದ್ಧಿಸುವಂತೆ, ಬಗೆಬಗೆಯ ಭಾವಗಳ ಸಂಯೋಗದಿಂದ ಸ್ಥಾಯಿಯು ರಸವಾಗುತ್ತದೆ. ವರ್ಷಕ್ಕೊಮ್ಮೆ ತರಗತಿಯಲ್ಲಿ ಒಪ್ಪಿಸುತ್ತ ಬಂದ ಈ ಮಾತು ನನಗೆ ಮನದಟ್ಟಾದದ್ದು ಚಹದ ಲೋಟದಿಂದ. ಎಲೆಯ ಒಗರೇ ಇಲ್ಲಿ ಸ್ಥಾಯಿ. ಶುಂಠಿ, ಏಲಕ್ಕಿ, ಲವಂಗಗಳು ಬಂದು ಹೋಗುವ ಸಂಚಾರಿಗಳು.

ಈ ಸಂಚಾರಿಗಳ ಸ್ವಭಾವ ಒಂದರಂತೆ ಒಂದಿಲ್ಲ. ಹಸಿಶುಂಠಿಯ ಕಾರ ಎದೆಯನ್ನು ಬೆಚ್ಚಗಾಗಿಸುತ್ತದೆ. ಅದೇ ಶುಂಠಿ ಒಣಗಿದರೆ ಕಾರ ಇನ್ನಷ್ಟು ಮೊನಚಾಗುತ್ತದೆ. ಹಸಿಯದನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಹಾಲು ಬೆರೆಸಬೇಕು. ಅವಸರಪಟ್ಟರೆ ಹಾಲು ಒಡೆಯುವುದುಂಟು. ಏಲಕ್ಕಿಗಾದರೋ ದೀರ್ಘ ಕುದಿತ ಸಲ್ಲದು. ನಾಲಗೆಗಿಂತ ಮೊದಲು ಮೂಗನ್ನು ಮುಟ್ಟುವ ಅದರ ಕಂಪು ಆವಿಯೊಡನೆ ಹಾರಿಹೋಗುವುದರಿಂದ, ಒಲೆಯಿಂದ ಇಳಿಸುವ ಮುನ್ನ ಜಜ್ಜಿ ಹಾಕುವುದೇ ಮೇಲು. ಕಾಳುಮೆಣಸು ತಡವಾಗಿ ಬಂದು ಗಂಟಲಿನಲ್ಲಿ ನೆಲಸುತ್ತದೆ. ಲವಂಗವೋ, ಒಂದು ಹೆಚ್ಚಾದರೂ ನಾಲಗೆಗೆ ಜೋಮು ಹಿಡಿಸಿ, ಕೆಲವು ಸಭಾಧ್ಯಕ್ಷರಂತೆ, ಉಳಿದವರ ಮಾತು ಕೇಳಿಸದಂತೆ ಮಾಡುತ್ತದೆ.

ಪ್ರಾಂತ ಬದಲಾದಂತೆ ಈ ಸಂಯೋಗವೂ ಬದಲಾಗುತ್ತದೆ. ಗುಜರಾತಿನವರು ಶುಂಠಿಯ ಜೊತೆಗೆ ಪುದೀನವನ್ನೂ ನಿಂಬೆಯ ಕಂಪಿನ ಮಜ್ಜಿಗೆಹುಲ್ಲನ್ನೂ ಹಾಕಿ ಕಾರದ ಮೇಲೆ ತಂಪನ್ನು ಹೊದಿಸುತ್ತಾರೆ. ಕಾಶ್ಮೀರದ ಕಹ್ವಾದಲ್ಲಿ ಹಾಲಿಲ್ಲ. ಹಸಿರು ಚಹದ ತಿಳಿನೀರಿನಲ್ಲಿ ಕೇಸರಿ, ದಾಲ್ಚಿನ್ನಿ, ಏಲಕ್ಕಿಗಳು ಮೆಲ್ಲನೆ ಮಾತಾಡುತ್ತವೆ, ಬಾದಾಮಿಯ ಚೂರು ಹಲ್ಲಿಗೆ ಸಿಕ್ಕುತ್ತದೆ. ಕೋಲ್ಕತ್ತದ ಬೀದಿಯ ನಿಂಬೆ ಚಹದಲ್ಲಿ ಕಪ್ಪು ಉಪ್ಪು ಸೇರಿ ಒಗರಿಗೆ ಹುಳಿಯ ಚುರುಕು ಬರುತ್ತದೆ. ನಮ್ಮ ಮಲೆನಾಡು ಕರಾವಳಿಗಳ ಕಷಾಯದಲ್ಲಿ ಚಹದೆಲೆಯೇ ಇಲ್ಲ. ಅಲ್ಲಿ ಹುರಿದ ಕೊತ್ತಂಬರಿಯೇ ಸ್ಥಾಯಿ. ಜೀರಿಗೆ ಮೆಣಸುಗಳು ಅದರ ಪರಿವಾರ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆ ವ್ಯರ್ಥ. ಪ್ರತಿಯೊಂದರಲ್ಲೂ ಸ್ಥಾಯಿ ಯಾವುದೆಂಬುದು ನಾಲಗೆಗೆ ತಿಳಿಯುತ್ತದೆ, ಅಷ್ಟು ಸಾಕು.

ಹಾಗೆಂದು ಯಂತ್ರದ್ವೇಷ ನನ್ನದಲ್ಲ. 1839ರಲ್ಲಿ ಲಂಡನ್ನಿನ ಹರಾಜನ್ನು ಕಂಡ ಅಸ್ಸಾಮಿನ ಚಹ ಬಹುಕಾಲ ಪರದೇಶದ ಪೇಟೆಗಾಗಿಯೇ ಬೆಳೆದ ಬೆಳೆ. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ದೇಶೀಯರಿಗೂ ರೂಢಿ ಮಾಡಿಸಲು ವ್ಯಾಪಾರಸ್ಥರು ಪ್ರಚಾರ ಕೈಕೊಂಡಾಗ, ಬೀದಿಯ ಮಾರಾಟಗಾರರು ಹಾಲು, ಸಕ್ಕರೆ, ಮಸಾಲೆಗಳನ್ನು ಹೆಚ್ಚಿಸಿ ಎಲೆಯನ್ನು ತಗ್ಗಿಸಿದರು. ಎಲೆ ಮಾರುವವರಿಗೆ ಇದು ಹಿಡಿಸಲಿಲ್ಲ, ಕುಡಿಯುವವರಿಗೆ ಹಿಡಿಸಿತು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಸಿ.ಟಿ.ಸಿ. ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಕಾಳಾಗಿಸಿತು. ಮುಂದೆ ಬಡವನ ಲೋಟಕ್ಕೂ ಹಾಲು ಮಸಾಲೆಗಳನ್ನು ತಾಳಬಲ್ಲ ಗಟ್ಟಿ ಚಹ ದೊರೆತದ್ದು ಈ ಯಂತ್ರದಿಂದಲೇ.

ಹಾಗಾದರೆ ನಾನು ಕಳೆದುಕೊಂಡದ್ದೇನು? ಅಂಗಡಿಯ ಯಜಮಾನರು ನನ್ನ ಕೆಮ್ಮನ್ನು ದೂರದಿಂದಲೇ ಕೇಳಿ ನಾಲ್ಕು ಮೆಣಸು ಹೆಚ್ಚು ಜಜ್ಜುತ್ತಿದ್ದರು. ಬೇಸಗೆಯಲ್ಲಿ ಶುಂಠಿಯನ್ನು ತಗ್ಗಿಸುತ್ತಿದ್ದರು. ಶುಂಠಿ ಎಳೆಯದಾದ ದಿನ ಅದನ್ನು ಮೊದಲೇ ಒಪ್ಪಿಕೊಳ್ಳುತ್ತಿದ್ದರು. ಋತುವನ್ನೂ ಕುಡಿಯುವವನನ್ನೂ ನೋಡಿ ಅಳತೆಯನ್ನು ತಿದ್ದುವ ಕೈಯೊಂದು ಆ ಲೋಟದ ಹಿಂದೆ ಇತ್ತು. ಯಂತ್ರಕ್ಕೆ ಮಾಘವೂ ಒಂದೇ, ವೈಶಾಖವೂ ಒಂದೇ.

ಈ ದೂರನ್ನು ಅವರ ಮುಂದೆಯೇ ಇಟ್ಟೆ. ಅವರು ಬಲಗೈಯನ್ನು ಮೇಲೆತ್ತಿ ತೋರಿಸಿದರು. ಅದು ಭುಜದ ಮಟ್ಟಕ್ಕೇರಿ ನಿಂತುಬಿಟ್ಟಿತು. “ಕುಟ್ಟಿ ಕುಟ್ಟಿ ತೋಳು ಸೋತುಹೋಯ್ತು, ಮೇಷ್ಟ್ರೇ” ಎಂದರು. ನನಗೆ ಮಾತು ಹೊರಡಲಿಲ್ಲ. ನನ್ನ ನಾಲಗೆಯ ಸುಖಕ್ಕಾಗಿ ಇನ್ನೊಬ್ಬರ ತೋಳು ಸೋಲಲಿ ಎನ್ನುವುದು ರಸಿಕತೆಯಲ್ಲ. ರಸಾಸ್ವಾದದ ಹೊಣೆಯನ್ನೆಲ್ಲ ಮಾಡುವವನ ಮೇಲೆ ಹೊರಿಸಿ ಸಹೃದಯನು ಕೈಕಟ್ಟಿ ಕುಳಿತಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆದ್ದರಿಂದ ಈಗ ಗದ್ದಲವಿಲ್ಲದ ಸಂಜೆಗಳಲ್ಲಿ ಮೂಲೆ ಸೇರಿದ್ದ ಆ ಕುಟ್ಟಾಣಿಯನ್ನು ನಾನೇ ಹಿಡಿಯುತ್ತೇನೆ. ಕುದಿಸುವ ಕೆಲಸ ಅವರದು. ಮೊದಲನೆಯ ದಿನ ಒಂದು ಗುಟುಕು ಕುಡಿದು ನೋಡಿ, ಉತ್ತರಪತ್ರಿಕೆ ತಿದ್ದುವವರಂತೆ ಗಂಭೀರವಾಗಿ ಅವರು ಹೇಳಿದರು: “ಲವಂಗ ಜಾಸ್ತಿಯಾಯ್ತು, ಮೇಷ್ಟ್ರೇ. ನಾಳೆ ಒಂದು ಕಡಿಮೆ ಹಾಕಿ.”